ಎಂಜಿನ್ ಇಲ್ಲದ ವಿಮಾನ, ಲೈಸೆನ್ಸ್ ಇದ್ದ ನಾನು

ಮೊನ್ನೆ ಸಿಂಧನೂರಿನಿಂದ ಮಸ್ಕಿಗೆ ಕಾರು ಓಡಿಸಿಕೊಂಡು ಹೊರಟಿದ್ದೆ. ಎದುರಿಗೆ ಬಂದ ಯಾವುದೋ ಲಾರಿಯಿಂದ ಒಂದು ಉಣ್ಣೆಯ ಎಳೆ ಹಾರಿ ಬಂದು ಕಾರಿನ ವೈಪರಿಗೆ ಸಿಕ್ಕಿಕೊಂಡಿತು. ಕಂಬಳಿಯದಿರಬೇಕು. ಗಾಜಿನ ಮೇಲೆ ಪಟಪಟ ಬಡಿಯುತ್ತ ಎಳೆ ಎಡಕ್ಕೆ ಹೊರಳಿತು. ನನ್ನ ಬಲಗಾಲು ನನ್ನನ್ನು ಒಂದು ಮಾತೂ ಕೇಳದೆ ಒತ್ತಿಬಿಟ್ಟಿತು. ಕಾರಿನಲ್ಲಿ ಬಲಗಾಲಿನ ಕೆಳಗೆ ಏನಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮುಂದೆ ಭತ್ತದ ಹುಲ್ಲು ಹೇರಿಕೊಂಡು ತೂಗುತ್ತ ಹೋಗುತ್ತಿದ್ದ ಟ್ರ್ಯಾಕ್ಟರಿನ ಟ್ರಾಲಿ ಒಮ್ಮೆಲೇ ದೊಡ್ಡದಾಗಿ ಕಂಡಿತು. ಹೇಗೋ ಬ್ರೇಕು ಹಾಕಿದೆ. ಬಾನೆಟ್ಟಿನ ಮೇಲೆ ಎರಡು ಹಿಡಿ ಹುಲ್ಲು ಉಳಿಯಿತು.

ಪಕ್ಕದಲ್ಲಿ ಕೂತಿದ್ದ ಬಳಗಾನೂರಿನ ವೀರೇಶ, ನನ್ನ ಹೈಸ್ಕೂಲ್ ಕಾಲದ ಗೆಳೆಯ, ಕನ್ನಡಕ ಸರಿ ಮಾಡಿಕೊಂಡು ಕೇಳಿದ: "ಯಾಕಲೇ, ಹಸಿವ್ಯಾಗಿತ್ತೇನು? ಹೇಳಿದ್ರ ಇಳದು ಒಂದು ಸಿವುಡು ಹುಲ್ಲು ತಂದು ಕೊಡ್ತಿದ್ದೆ."

"ದಾರ ಎಡಕ್ಕ ಹೋತು. ಅದಕ್ಕ ಬಲಗಾಲು ಒತ್ತಿದೆ" ಅಂದೆ.

ಅವನು ಬಾನೆಟ್ಟಿನ ಹುಲ್ಲು ನೋಡಿದ. ಆಮೇಲೆ ಮಸ್ಕಿ ಬರುವ ತನಕ ನಕ್ಕ.

ಈ ಕಾಲಿನ ಚಟ ನನಗೆ ಅಂಟಿದ್ದು ಎಂಬತ್ತರ ದಶಕದ ನಡುವೆ. ಎಂಬತ್ನಾಲ್ಕು ಎಂದು ನಾನು, ಎಂಬತ್ತೈದು ಎಂದು ವೀರೇಶ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಭೌತಶಾಸ್ತ್ರ ಓದಿದವನು ನಾನು. ಎರಡು ಸಲ ಅಳೆಯದ ಅಳತೆಯನ್ನು ನಂಬಬಾರದು ಎಂದು ಧಾರವಾಡದಲ್ಲಿ ಹೇಳಿಕೊಟ್ಟಿದ್ದರು. ನೆನಪನ್ನು ಎರಡನೇ ಸಲ ಅಳೆಯಲು ಹೋದರೆ ಅದು ಬೇರೆಯೇ ಉದ್ದ ತೋರಿಸುತ್ತದೆ. ವೀರೇಶನ ನೆನಪಿನ ತೊಂದರೆ ಬೇರೆ. ಅದಕ್ಕೆ ಅನುಮಾನವೇ ಬರುವುದಿಲ್ಲ. ಹಾಗಾಗಿ ಮುಂದೆ ಬರುವುದನ್ನು ನೀವು ತುಸು ಉಪ್ಪು ಖಾರ ಕಡಿಮೆ ಮಾಡಿಕೊಂಡೇ ಸವಿಯಬೇಕು.

ಧಾರವಾಡದಲ್ಲಿ ಓದು ಮುಗಿದ ಮೇಲೆ ನನಗೆ ಒಂದು ಕಡೆ ಕುಂತು ಗೊತ್ತಿರಲಿಲ್ಲ. ಒಂದು ವರ್ಷ ಹಾರ್ಮೋನಿಯಂ ಕಲಿತೆ, ಒಂದು ವರ್ಷ ಗೆಳೆಯರನ್ನು ಕಟ್ಟಿಕೊಂಡು ದೆವ್ವ ಬಿಡಿಸುವವರ ಹಿಂದೆ ತಿರುಗಿ ಅವರ ಬಣ್ಣ ಬಯಲು ಮಾಡುವ ಸಂಘ ನಡೆಸಿದೆ, ಅದರ ಮರುವರ್ಷ ಬೆಂಗಳೂರಿಗೆ ಹೋಗಿ ವಿಮಾನ ಹಾರಿಸುವುದನ್ನು ಕಲಿತೆ. ಸಣ್ಣ ವಿಮಾನ, ಒಂದು ಎಂಜಿನ್, ಮುಂದೊಂದು ಫ್ಯಾನು. ಪರೀಕ್ಷೆ ಪಾಸಾಗಿ ಖಾಸಗಿ ಪೈಲಟ್ ಲೈಸೆನ್ಸೂ ಕೈಗೆ ಬಂತು. ಲೈಸೆನ್ಸ್ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಸಿಂಧನೂರಿಗೆ ಬಂದು ಇಳಿದ ಮೇಲೆಯೇ ನನಗೆ ಒಂದು ವಿಷಯ ಹೊಳೆದದ್ದು. ಇಲ್ಲಿ ಕಾಲುವೆ ಇದೆ, ಅಕ್ಕಿ ಗಿರಣಿಗಳಿವೆ, ಗಿರಣಿಯ ಚಿಮಣಿಯಿಂದ ಹಾರುವ ಹೊಟ್ಟಿನ ಬೂದಿ ಇದೆ. ಬೂದಿ ಬಿಟ್ಟರೆ ಹಾರುವಂಥದು ಬೇರೇನೂ ಇಲ್ಲ.

ಸುದ್ದಿ ಮಾತ್ರ ಸುತ್ತಲಿನ ಹಳ್ಳಿಗಳಿಗೆಲ್ಲ ಹಾರಿತ್ತು. ಸಾಲಗುಂದದ ರೈತರೊಬ್ಬರು ನಮ್ಮ ಗಿರಣಿಗೆ ಭತ್ತ ತಂದವರು ನನ್ನನ್ನು ಕರೆದು ಕೂಡಿಸಿಕೊಂಡರು.

"ತಮ್ಮಾ, ಗದ್ದಿಗೆ ಜಿಗಿಹುಳ ಬಿದ್ದಾವ. ನೀ ವಿಮಾನ ಕಲ್ತು ಬಂದೀಯಂತ. ಒಂದ್ಸಲ ಮ್ಯಾಲ ಹಾದು ಎಣ್ಣಿ ಹೊಡದು ಹೋಗಪಾ."

"ವಿಮಾನ ಇಲ್ರಿ ಕಾಕಾ. ಲೈಸೆನ್ಸ್ ಅಷ್ಟ ಐತಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅಂದ್ರ ಎತ್ತಿಲ್ಲ, ಬರೇ ಬಾರಕೋಲು ಐತಿ ಅನ್ನು."

ಹೀಗೆ ಬಾರಕೋಲು ಹಿಡಿದುಕೊಂಡು ತಿರುಗುವ ದಿನಗಳಲ್ಲೇ ನಮ್ಮ ಅವ್ವ ಹೆಣ್ಣು ನೋಡಲು ಶುರು ಮಾಡಿದಳು. ಮಸ್ಕಿಯಲ್ಲಿ ಚನ್ನಬಸಪ್ಪನವರು ಎಂದು ಹತ್ತಿ, ಶೇಂಗಾದ ಅಡತಿ ಅಂಗಡಿ ಇಟ್ಟವರು. ಅವರ ಮಗಳು ಗಿರಿಜಾ ರಾಯಚೂರಿನಲ್ಲಿದ್ದು ಬಿ.ಎ. ಮುಗಿಸಿದ್ದಳು. ಹೋದೆವು. ಹಚ್ಚಿದ ಅವಲಕ್ಕಿ ಬಂತು, ಚಹಾ ಬಂತು, ಹುಡುಗಿ ಬಂದಳು. ನಾನು ಕೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಗಂಭೀರ ಪ್ರಶ್ನೆಗಳೆಲ್ಲ ಅವಲಕ್ಕಿಯ ಜೊತೆ ಹೊಟ್ಟೆಗೆ ಇಳಿದುಹೋದವು. ಪ್ರಶ್ನೆ ಕೇಳಿದವಳು ಅವಳು.

"ವಿಮಾನ ನೀವು ಒಬ್ಬರ ಹಾರಸ್ತೀರೇನ್ರಿ?"

"ಹೌದ್ರಿ" ಅಂದೆ, ಎದೆ ಸ್ವಲ್ಪ ಮುಂದೆ ಮಾಡಿ.

ಚನ್ನಬಸಪ್ಪನವರು ಅಲ್ಲಿಗೆ ಬಿಡಲಿಲ್ಲ. "ಹಂಗಲ್ಲಪಾ. ಪಾಮನಕಲ್ಲೂರಿನ ನಮ್ಮ ಬೀಗರು ಡ್ರೈವರ್ ಅಂತ ತಿಳದು ಕ್ಲೀನರ್‌ಗೆ ಹೆಣ್ಣು ಕೊಟ್ಟು ಕುಂತಾರ. ಬಸ್ಸಿನಾಗ ಮುಂದ ಕುಂತಾವ್ರೆಲ್ಲಾ ಡ್ರೈವರ್ ಅಲ್ಲ. ನೀ ಒಬ್ಬನ ಹಾರಿದ್ದು ನಮ್ಮ ಕಣ್ಣಿಲೆ ಕಾಣಬೇಕು. ಕಂಡ ದಿನ ಮಾತು ಪಕ್ಕಾ. ಇಲ್ಲಾಂದ್ರ ಲಿಂಗಸುಗೂರಿಂದ ಇನ್ನೊಂದು ಮನಿಯವರು ಕೇಳ್ಯಾರ, ಯುಗಾದಿ ಮುಂದ ಅವರಿಗೆ ಹೂಂ ಅಂತೀನಿ."

ತಿರುಗಿ ಬರಲು ಬಸ್ಸು ಹತ್ತಿದೆವು. ನನಗೆ ಹುಡುಗಿ ಹಿಡಿಸಿಬಿಟ್ಟಿದ್ದಳು, ಅದೇ ದೊಡ್ಡ ಪೇಚು. ಎಲ್ಲರೂ ಸಂಬಳ ಕೇಳುವಲ್ಲಿ ಅವಳು ಇಂಥದೊಂದನ್ನು ಯಾಕೆ ಕೇಳಿದಳು ಎಂದು ಯೋಚಿಸುತ್ತ ನಾನು ಸಿಂಧನೂರಿನ ಸ್ಟಾಪು ಬಂದರೂ ಇಳಿಯದೆ ಕೂತಿದ್ದೆ.

ನಮ್ಮ ಸೀಮೆಯಲ್ಲಿ ಯಾವ ಸುದ್ದಿಯೂ ಒಂಟಿಯಾಗಿ ಬರುವುದಿಲ್ಲ. ಅದೇ ವಾರ ವೀರೇಶ ಸೈಕಲ್ ತುಳಿದುಕೊಂಡು ಬಂದ. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗುವಾಗ ಗರಸು ನೆಲದ ಒಂದು ದೊಡ್ಡ ಬಯಲಿದೆಯಲ್ಲ, ಅಲ್ಲಿ ಟೆಂಟು ಬಿದ್ದಿವೆಯೆಂದ. ಹೊರಗಿನ ಒಂದು ಸಂಘದವರು ಗ್ಲೈಡರ್ ತಂದು ಶಿಬಿರ ಹಾಕಿದ್ದರು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಬಯಲಿನ ಆ ತುದಿಯಲ್ಲಿ ಲಾರಿಯ ಮೇಲೆ ಕೂಡಿಸಿದ ರಾಟೆ, ಈ ತುದಿಯಲ್ಲಿ ವಿಮಾನ, ನಡುವೆ ಉದ್ದನೆಯ ಉಕ್ಕಿನ ತಂತಿ. ರಾಟೆ ತಂತಿಯನ್ನು ಗರಗರ ಸುತ್ತಿದರೆ ಇದು ಗಾಳಿಪಟದಂತೆ ಮೇಲೇರುತ್ತದೆ. ಮೇಲೆ ಹೋದ ಮೇಲೆ ತಂತಿ ಕಳಚಬೇಕು. ಅಲ್ಲಿಂದ ಮುಂದೆ ಗಾಳಿಯುಂಟು, ನೀವುಂಟು.

ಶಿಬಿರದ ಮುಖ್ಯಸ್ಥರು ಕುಲಕರ್ಣಿ ಸಾಹೇಬರು. ಮೂಲ ಲಿಂಗಸುಗೂರಿನವರೇ, ಎಲ್ಲೆಲ್ಲೋ ಹಾರಿ ಹಾರಿಸಿ ನಿವೃತ್ತರಾದವರು. ಹುಟ್ಟಿದೂರಿನ ಹತ್ತಿರ ಒಂದು ಸಲ ಹಾರಬೇಕೆಂದು ಸಂಘದವರನ್ನು ಇಲ್ಲಿಗೆ ಎಳೆದು ತಂದಿದ್ದರಂತೆ. ಬಿಳಿ ಮೀಸೆ, ತಲೆಯ ಮೇಲೆ ಬಣ್ಣ ಹೋದ ಖಾಕಿ ಟೋಪಿ. ನಾನು ಹೋಗಿ ಲೈಸೆನ್ಸ್ ಮುಂದೆ ಹಿಡಿದೆ. ಅವರು ಅದನ್ನು ರೊಟ್ಟಿ ಬೆಂದಿದೆಯೋ ಇಲ್ಲವೋ ನೋಡುವಂತೆ ಎರಡೂ ಕಡೆ ತಿರುಗಿಸಿ ನೋಡಿದರು.

"ಭೇಷ್. ಫೋಟೋದಾಗ ಭಾಳ ಚಂದ ಬಂದೀಯಪಾ."

"ಸರ್, ನನಗೆ ಒಂದು ಗ್ಲೈಡರ್ ಕೊಟ್ಟರೆ ಒಬ್ಬನೇ ಒಂದು ಸುತ್ತು..."

"ಇದು ಎಂಜಿನ್ ಇದ್ದದ್ದಕ್ಕ ಕೊಟ್ಟ ಲೈಸೆನ್ಸು. ಇಲ್ಲಿ ಎಂಜಿನ್ ಎಲ್ಲದ, ತೋರಸು. ನೋಡು, ನೀ ಹಾರಿದಾಂವ ಅದೀ, ಅದಕ್ಕ ಹೊಸಬರಿಗೆ ಕಲಿಸಿದಷ್ಟು ನಿನಗ ಕಲಸೂದಿಲ್ಲ. ಆದ್ರ ನಾ ಹಿಂದಿನ ಸೀಟಿನ್ಯಾಗ ಕೂಡತೀನಿ. ಏರೂದು, ತಿರಗೂದು, ತಂತಿ ನಡುವ ಹರದ್ರ ಏನು ಮಾಡೂದು, ಇಳಿಯೂದು, ಎಲ್ಲಾ ನಾ ನೋಡಬೇಕು. ನನಗ ಸಮಾಧಾನ ಆಗಿ ನಾ ಸಹಿ ಮಾಡೋ ತನಕ ನೀ ಒಬ್ಬನ ಹೋಗಂಗಿಲ್ಲ. ಸಹಿ ಮಾಡಿದ ಮ್ಯಾಲೂ ಮೊದಲನೇ ಸಲ ಒಂದ ಸುತ್ತು. ಸುತ್ತು ಹಾಕಬೇಕು, ಇಳೀಬೇಕು. ಹಿಂದ ಯಾರನ್ನೂ ಕೂಡಿಸ್ಕೊಳ್ಳಂಗಿಲ್ಲ. ಒಪ್ಪಿದ್ರ ನಾಳೆ ಮುಂಜಾನೆ ಬಾ, ಮೊದಲು ಪಾಠ."

ಮರುದಿನ ಪಾಠಕ್ಕೆ ಹೋದೆ ಎಂದುಕೊಂಡಿರೇ? ಲೈಸೆನ್ಸ್ ಇದ್ದವನು ಕಾಲೇಜು ಹುಡುಗರ ಜೊತೆ ಚಾಪೆಯ ಮೇಲೆ ಕೂತು, ರೆಕ್ಕೆ ಎಂದರೆ ಇದು, ಬಾಲ ಎಂದರೆ ಇದು ಎಂದು ಕಲಿಯುವುದೇ? ಬೇವಿನ ಗಿಡದ ಕೆಳಗೆ ಚಹಾದ ಗಾಡಿ ಇತ್ತು. ಪಾಠ ಮುಗಿಯುವ ತನಕ ಅಲ್ಲಿ ಕೂತು ಮಿರ್ಚಿ ಭಜಿ ತಿಂದೆ. ಆ ಭಜಿ ನನಗೆ ದುಬಾರಿಯಾಯಿತು.

ಗ್ಲೈಡರಿನ ಹತ್ತಿರ ಹೋಗಿ ನೋಡಿದರೆ ಕೂಡುವ ಕಡೆ ಮುಂದಿನ ಗಾಜಿನ ಮೇಲೆ, ನಟ್ಟನಡುವೆ, ಗೇಣುದ್ದದ ಒಂದು ಕೆಂಪು ಉಣ್ಣೆಯ ಎಳೆ. ಮುಂದಿನ ತುದಿಗೆ ಪಟ್ಟಿ ಅಂಟಿಸಿದ್ದರು, ಇನ್ನೊಂದು ತುದಿ ಸಡಿಲ. ನನಗೆ ಒಳಗೊಳಗೇ ಉರಿಯಿತು. ರಾಟೆಯ ಲಾರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದನ್ನು ಆಗಲೇ ನೋಡಿದ್ದೆ. ಅದರ ಮೇಲೆ ನಮ್ಮ ಅವ್ವ ಹಿಂದಿನ ದಿನವಷ್ಟೇ ವೀರೇಶನ ಜೊತೆ ಬಂದು ವಿಮಾನಕ್ಕೆ ವಿಭೂತಿ ಹಚ್ಚಿ ಹೋಗಿದ್ದಳು. ನಮ್ಮ ಅವ್ವ ದೃಷ್ಟಿಯ ದಾರ ಕಟ್ಟದ ವಸ್ತು ನಮ್ಮ ಮನೆಯಲ್ಲಿ ಇರಲಿಲ್ಲ. ಗಿರಣಿಯ ಮೋಟರಿಗೆ ಕಟ್ಟಿದ್ದಳು, ನನ್ನ ಲೂನಾಕ್ಕೆ ಕಟ್ಟಿದ್ದಳು, ಗೋಡೆಗೆ ಹಾಕಿದ ನನ್ನ ಡಿಗ್ರಿ ಸರ್ಟಿಫಿಕೇಟಿನ ಚೌಕಟ್ಟಿಗೂ ಕಟ್ಟಿದ್ದಳು. ಈಗ ವಿಮಾನವನ್ನೂ ಬಿಡಲಿಲ್ಲ ಎಂದುಕೊಂಡೆ. ಹತ್ತು ಊರಿನಲ್ಲಿ ಮೌಢ್ಯದ ವಿರುದ್ಧ ಭಾಷಣ ಮಾಡಿದವನು ಕೆಂಪು ದಾರ ಮುಂದಿಟ್ಟುಕೊಂಡು ಹಾರುವುದುಂಟೇ? ಯಾರೂ ನೋಡದ ಹೊತ್ತಿನಲ್ಲಿ ಅದನ್ನು ಸರಕ್ಕನೆ ಕಿತ್ತು ಕಿಸೆಗೆ ಹಾಕಿಕೊಂಡೆ.

ಕುಲಕರ್ಣಿ ಸಾಹೇಬರು ಹಿಂದೆ ಕೂತರು. ಗಾಜಿನ ಮುಚ್ಚಳ ಬಿತ್ತು. ವೀರೇಶ ರೆಕ್ಕೆಯ ತುದಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಓಡಿದ, ಅಷ್ಟರಲ್ಲಿ ನೆಲ ಕಾಲ ಕೆಳಗಿನಿಂದ ಜಾರಿಹೋಯಿತು. ಮೇಲೆ ಹೋಗಿ ತಂತಿ ಕಳಚಿದೆ. ಆಮೇಲೆ ಬಂದದ್ದು ಎಂಥ ಮೌನ ಅಂತೀರಿ! ಎಂಜಿನ್ನಿನ ಸದ್ದಿನಲ್ಲಿ ಹಾರಲು ಕಲಿತವನಿಗೆ ಅದು ಮೌನವಲ್ಲ, ಎಂಜಿನ್ ಕೆಟ್ಟ ಸುದ್ದಿ. ಕೆಳಗೆ ನಾಯಿ ಬೊಗಳುವುದು ಕೇಳುತ್ತಿತ್ತು. ಹೊಲದಲ್ಲಿ ಜೋಳದ ದಂಟು ಕಟ್ಟುತ್ತಿದ್ದ ಯಾರೋ ಹೆಣ್ಣುಮಗಳು "ಏ, ಮ್ಯಾಲ ನೋಡಬೇ!" ಎಂದು ಕೂಗಿದ್ದೂ ಕೇಳಿತು. ಇದು ಖರೆ ಕೇಳಿತೋ ನಾನು ಆಮೇಲೆ ಸೇರಿಸಿಕೊಂಡೆನೋ ದೇವರೇ ಬಲ್ಲ, ದೇವರನ್ನು ನಾನು ನಂಬದಿದ್ದರೂ.

ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ನನ್ನ ಲೆಕ್ಕದಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತಿರುಗುತ್ತಿತ್ತು. ಹಿಂದಿನಿಂದ ಒಂದು ಮಾತಿಲ್ಲ. ಹೊಗಳಿಕೆಗೆ ಮಾತು ಸಿಗದೆ ಸುಮ್ಮನಿದ್ದಾರೆ ಎಂದುಕೊಂಡೆ. ಇಳಿದ ಮೇಲೆ ಅವರು ನಿಧಾನವಾಗಿ ಬೆಲ್ಟು ಬಿಚ್ಚಿ ಕೇಳಿದರು:

"ದಾರ ಎಲ್ಲದ?"

ನಾನು ಇದಕ್ಕೇ ಕಾದಿದ್ದೆ. ಕಿಸೆಯಿಂದ ತೆಗೆದು ಅವರ ಮುಂದೆ ಹಿಡಿದು ಭಾಷಣ ಸುರು ಮಾಡಿದೆ. ವಿಜ್ಞಾನದ ಯುಗ ಎಂದೆ, ವಿಮಾನವನ್ನು ಹಾರಿಸುವುದು ಗಾಳಿಯ ಒತ್ತಡ, ದಾರವಲ್ಲ ಎಂದೆ, ವಿದ್ಯಾವಂತರೇ ಹೀಗಾದರೆ ಹಳ್ಳಿಯ ಜನರ ಗತಿಯೇನು ಎಂದೂ ಕೇಳಿದೆ. ಶಿಬಿರದ ಹುಡುಗರೆಲ್ಲ ಸುತ್ತ ನೆರೆದರು. ಕುಲಕರ್ಣಿ ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕೊನೆಯ ಮಾತಿನ ತನಕ ಭಕ್ತಿಯಿಂದ ಕೇಳಿದರು. ಮುಗಿದ ಮೇಲೆ ಒಬ್ಬ ಹುಡುಗನ ಕಡೆ ತಿರುಗಿದರು.

"ದಾರ ಯಾಕ ಹಚ್ಚೀವಿ, ಹೇಳೋ ಇವರಿಗೆ. ಪಾಠದ ಹೊತ್ತಿಗೆ ಸಾಹೇಬರು ಭಜಿ ತಿನ್ನಲಿಕ್ಕೆ ಹೋಗಿದ್ರು."

ಹುಡುಗ ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ ಒಪ್ಪಿಸಿದ. ವಿಮಾನದ ಮೂತಿ ಗಾಳಿಗೆ ನೇರ ಇದ್ದರೆ ದಾರ ನೇರ ಹಿಂದಕ್ಕೆ ಮಲಗುತ್ತದೆ. ವಿಮಾನ ಅಡ್ಡಡ್ಡ ಜಾರುತ್ತಿದ್ದರೆ ದಾರ ಪಕ್ಕಕ್ಕೆ ಹೊರಳುತ್ತದೆ. ಎಡಕ್ಕೆ ಹೊರಳಿದರೆ ಬಲಗಾಲಿನ ಪೆಡಲು ಒತ್ತಬೇಕು, ಬಲಕ್ಕೆ ಹೊರಳಿದರೆ ಎಡಗಾಲಿನದು. ಎಂಜಿನ್ ವಿಮಾನದಲ್ಲಿ ಮುಂದಿನ ಫ್ಯಾನಿನ ಗಾಳಿಗೆ ದಾರ ನಿಲ್ಲುವುದಿಲ್ಲ, ಅದಕ್ಕೆ ಅಲ್ಲಿ ಇರುವುದಿಲ್ಲ.

"ನೀ ಈಗ ಹಾರಿದ್ದು ಹಾರಿದ್ದಲ್ಲಪಾ" ಅಂದರು ಸಾಹೇಬರು. "ಏಡಿ ನಡದಂಗ ಅಡ್ಡಡ್ಡ ಹೋಗಿ ಬಂದಿ. ನಿನ್ನ ಕಾಲು ಎಲ್ಲಿ ಇದ್ವು? ಸಿಂಧನೂರಾಗ ಬಿಟ್ಟು ಬಂದಿದ್ದೇನು?"

ಆ ಎಳೆಯನ್ನು ನಾನೇ ತಿರುಗಿ ಅಂಟಿಸುವಂತೆ ಮಾಡಿದರು. ಅಲ್ಲಿಂದ ಮುಂದೆ ನಾನು ತಪ್ಪು ಕಾಲು ಒತ್ತಿದಾಗಲೆಲ್ಲ ಹಿಂದಿನಿಂದ ಖಾಕಿ ಟೋಪಿ ಬಂದು ನನ್ನ ನೆತ್ತಿಗೆ ಬಡಿಯುತ್ತಿತ್ತು. ಟೋಪಿಯಲ್ಲ, ಸುರುಳಿ ಸುತ್ತಿದ ಪೇಪರು ಎಂದು ವೀರೇಶ ಹೇಳುತ್ತಾನೆ. ಬಿದ್ದದ್ದು ನನ್ನ ತಲೆಗೆ, ಸಾಕ್ಷಿ ಅವನದು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ನನ್ನ ಭಾಷಣ ಮತ್ತು ಅದರ ಗತಿ ಸಂಜೆಯೊಳಗೆ ಮಸ್ಕಿ ಮುಟ್ಟಿತು. ಮುಟ್ಟುವಷ್ಟರಲ್ಲಿ ರೂಪ ಬದಲಾಗಿತ್ತು. ಸಿಂಧನೂರಿನ ಓದಿದ ಹುಡುಗ ಕೆಂಪು ದಾರ ಕಿತ್ತು ಹಾರಿದನಂತೆ, ವಿಮಾನ ಅಡ್ಡಡ್ಡ ಓಡಿತಂತೆ, ತಿರುಗಿ ಕಟ್ಟಿದ ಮೇಲೆ ನೆಟ್ಟಗಾಯಿತಂತೆ. ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ, ಅದೇ ನನ್ನ ದುರ್ದೈವ. ನಾಲ್ಕು ದಿನ ಬಿಟ್ಟು ಮಸ್ಕಿಯ ಬಜಾರಿಗೆ ಹೋದರೆ ಟ್ರ್ಯಾಕ್ಟರಿನ ಮೂತಿಗೆ ಕೆಂಪು ಉಣ್ಣೆ, ಸೈಕಲ್ಲಿನ ಹ್ಯಾಂಡಲಿಗೆ ಕೆಂಪು ಉಣ್ಣೆ, ಒಂದು ಹಿಟ್ಟಿನ ಗಿರಣಿಯ ಬೆಲ್ಟಿನ ಪಕ್ಕದಲ್ಲೂ ಕೆಂಪು ಉಣ್ಣೆ. ಮೂಢನಂಬಿಕೆ ಅಳಿಸುವುದಕ್ಕೆ ಸಂಘ ಕಟ್ಟಿದ ನಾನು ಇಡೀ ಊರಿಗೆ ಹೊಚ್ಚಹೊಸದೊಂದನ್ನು ದಾನ ಮಾಡಿದ್ದೆ. ಅವ್ವನಿಗಂತೂ ಹಿಗ್ಗು. "ನಾ ಬಡಕೊಂಡ್ರ ಕೇಳಲಿಲ್ಲ. ಈಗ ವಿಮಾನನ ಹೇಳೇತಿ ನೋಡು" ಅಂದಳು.

ದಿನಗಳು ಓಡುತ್ತಿದ್ದವು. ಶಿಬಿರ ಯುಗಾದಿಗೆ ಮುಂಚೆ ಟೆಂಟು ಕಿತ್ತುಕೊಂಡು ಹೋಗಲಿತ್ತು. ಕಾಲುಗಳಿಗೆ ಬುದ್ಧಿ ಬಂತು ಅನ್ನುವಷ್ಟರಲ್ಲಿ ಕೈಯ ಸರದಿ. ಒಂದು ಮಧ್ಯಾಹ್ನ ವಿಮಾನ ಇನ್ನೂ ಏರುತ್ತಿದೆ, ಮೂತಿ ಮುಗಿಲ ಕಡೆ ಇದೆ, ಟಣ್ ಎಂದು ಸದ್ದಾಗಿ ತಂತಿ ಕಳಚಿತು. ಹಿಂದೆ ಕೂತ ಸಾಹೇಬರು ಹೇಳದೆ ಕೇಳದೆ ಕೊಂಡಿ ಎಳೆದಿದ್ದರು. ಇಂಥ ಹೊತ್ತಿನಲ್ಲಿ ಮೊದಲು ಮೂತಿ ಕೆಳಗೆ ಮಾಡಬೇಕು, ಇಲ್ಲದಿದ್ದರೆ ವೇಗ ಸತ್ತು ವಿಮಾನ ಕಲ್ಲಿನಂತೆ ಬೀಳುತ್ತದೆ. ನನಗದು ಗೊತ್ತಿತ್ತು. ಆದರೆ ನನ್ನ ಎಡಗೈ ಪಕ್ಕದಲ್ಲಿ ತಡವರಿಸುತ್ತಿತ್ತು.

"ಏನು ಹುಡುಕ್ತೀ?"

"ಥ್ರಾಟಲ್..."

"ಎಂಜಿನ್ ಇಲ್ಲೋ ಮಾರಾಯಾ! ಮೂತಿ ಕೆಳಗ!"

ಮೂತಿ ಏರಿಸಿ ಇಳಿಸುವ ಕೋಲನ್ನು ಅವರೇ ಮುಂದೆ ತಳ್ಳಿ ಇಳಿಸಿದರು. ಆ ದಿನ ಅವರು ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಎಂಜಿನ್ ಇದ್ದಾವ್ರ ಚಾಳಿ ಇದು" ಅಂದರು. "ಸಂಕಟ ಬಂತಂದ್ರ ಮೊದಲು ಹೊರಗಿನ ಸಹಾಯ ಹುಡುಕತೀರಿ. ಈ ಕೈ ಸುಮ್ಮನ ಕೂಡೋ ತನಕ ನಾ ಸಹಿ ಮಾಡಂಗಿಲ್ಲ." ಅವತ್ತಿನಿಂದ ನಾನು ಮನೆಯಲ್ಲಿ ಕುರ್ಚಿಯ ಮೇಲೆ ಕೂತು, ವಿಮಾನದ ಕೋಲಿನ ಬದಲು ಲತ್ತುಗುಣಿ ಎರಡು ಮೊಣಕಾಲ ನಡುವೆ ಹಿಡಿದುಕೊಂಡು, ಎಡಗೈಯನ್ನು ತೊಡೆಯ ಕೆಳಗೆ ಅಮುಕಿ "ಟಣ್, ಮೂತಿ ಕೆಳಗೆ" ಎಂದು ಅಭ್ಯಾಸ ಮಾಡತೊಡಗಿದೆ. ಚಪಾತಿ ಲಟ್ಟಿಸಲು ಲತ್ತುಗುಣಿ ಹುಡುಕಿಕೊಂಡು ಬಂದ ಅವ್ವ ಬಾಗಿಲಲ್ಲಿ ನಿಂತು ನೋಡಿ, ಮರುದಿನ ನನ್ನ ತೋಳಿಗೂ ಒಂದು ದಾರ ಕಟ್ಟಿದಳು.

ಶಿಬಿರದ ಕೊನೆಯ ದಿನ ಮಸ್ಕಿಯಿಂದ ಒಂದು ಟ್ರಾಲಿ ತುಂಬ ಜನ ಬಂದರು. ಚನ್ನಬಸಪ್ಪನವರು, ಅವರ ತಮ್ಮಂದಿರು, ಹೆಣ್ಣುಮಕ್ಕಳು, ನಡುವೆ ಗಿರಿಜಾ. ಸಹಿಯಾಗಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಸಾಹೇಬರ ಜೊತೆ ಒಂದು ಸುತ್ತು ಹಾಕಿ ಇಳಿದೆ. ಆ ಸುತ್ತಿನಲ್ಲೂ ಅವರು ನಡುವೆ ತಂತಿ ಕಳಚಿದ್ದರು. ಮೂತಿ ಕೆಳಗೆ ಹೋಯಿತು, ಎಡಗೈ ಸುಮ್ಮನಿತ್ತು. ಅವರು ಮುಚ್ಚಳ ತೆಗೆದು ಕೆಳಗಿಳಿದು ಸಹಿ ಹಾಕಿದರು. ಖಾಲಿ ಸೀಟಿನ ಬೆಲ್ಟುಗಳನ್ನು ಬಿಗಿದು ಕಟ್ಟಿದರು. ನನ್ನ ಹೆಗಲು ತಟ್ಟಿ, "ಒಂದ ಸುತ್ತು. ಹೋಗಿ ಬಾ" ಅಂದರು. ಅಷ್ಟೇ.

ಹಿಂದಿನ ಸೀಟು ಖಾಲಿಯಾದರೆ ವಿಮಾನ ಹಗುರಾಗುತ್ತದೆ, ಬೇಗ ಏರುತ್ತದೆ. ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಿ ಹೇಳಬಹುದು. ಬೆನ್ನಿನ ಹಿಂದೆ ಯಾರೂ ಇಲ್ಲದ ಆ ಜಾಗ ಎಷ್ಟು ಭಾರ ಎಂದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ತಂತಿ ಕಳಚಿದೆ. ಮೌನ. ನೆತ್ತಿಗೆ ಟೋಪಿಯ ಏಟು ಬೀಳುತ್ತದೆಂದು ಕಾದೆ, ಬೀಳಲಿಲ್ಲ. ಮಸ್ಕಿ ಗುಡ್ಡದ ಬಂಡೆಗಳು ಬಿಸಿಲಿಗೆ ಕಾದು ಕೂತಿದ್ದವು. ಆ ಕಡೆಯಿಂದ ಬಿಸಿಗಾಳಿ ಏಳುವ ಜಾಗದಲ್ಲಿ ಎರಡು ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು. ನಾನು ಅದರ ಅಂಚಿಗೆ ಹೋದೆನೋ ಇಲ್ಲವೋ, ಸೀಟು ಕೆಳಗಿನಿಂದ ಎತ್ತಿದಂತಾಯಿತು, ಏರುವಿಕೆ ತೋರಿಸುವ ಮುಳ್ಳು ಮೇಲೆ ಸರಿಯಿತು.

ಇಲ್ಲಿಂದ ನನ್ನ ನೆನಪಿಗೆ ಎರಡು ಪ್ರತಿಗಳಿವೆ. ಒಂದರಲ್ಲಿ ನಾನು ಹದ್ದುಗಳನ್ನು ನೋಡಿ, ಅರ್ಧ ತಾಸು ಇಲ್ಲೇ ಸುತ್ತಿ ಇಡೀ ಮಸ್ಕಿಯನ್ನು ಬೆರಗುಗೊಳಿಸಬಹುದು ಎಂದುಕೊಂಡು, ಆದರೂ ಕೊಟ್ಟ ಮಾತು ಒಂದೇ ಸುತ್ತು ಎಂದು ವಿಮಾನವನ್ನು ಬಯಲಿನ ಕಡೆ ತಿರುಗಿಸುತ್ತೇನೆ. ಇನ್ನೊಂದರಲ್ಲಿ ನೆಲ ಬೇಕು ನೆಲ ಎಂದು ಜೀವ ಬಡಕೊಳ್ಳುತ್ತಿದೆ. ಎರಡರಲ್ಲೂ ನಾನು ತಿರುಗುವುದು ಒಂದೇ ಜಾಗದಲ್ಲಿ. ಯಾವುದು ಅಸಲು, ಯಾವುದು ನಕಲು ಎಂದು ಇಂದಿಗೂ ಹೇಳಲಾರೆ. ದಾರ ಮಾತ್ರ ನೆಟ್ಟಗಿತ್ತು. ಇಳಿದೆ. ಗಾಲಿ ಗರಸಿನ ಮೇಲೆ ಕರಕರ ಎಂದು ಓಡಿ ನಿಂತಿತು.

ವೀರೇಶ ಓಡಿ ಬಂದು ರೆಕ್ಕೆ ಹಿಡಿದ. ಶಿಬಿರದವರು ಚಪ್ಪಾಳೆ ತಟ್ಟಿದರು. ಮಸ್ಕಿಯವರು ತಟ್ಟಲಿಲ್ಲ.

"ಇಷ್ಟ ಏನು?" ಅಂದರು ಚನ್ನಬಸಪ್ಪನವರು. "ನಾವು ಟ್ರಾಲಿಯಿಂದ ಇಳದು ಧೋತರದ ಧೂಳ ಝಾಡಿಸೋದ್ರಾಗ ಇಳದಬಿಟ್ಟಿ. ಹಗ್ಗ ಕಟ್ಟಿ ಲಾರಿ ಎಳೀತು, ಏರಿದಿ. ಬಿಟ್ರು, ಇಳದಿ. ಇದರಾಗ ನೀ ಮಾಡಿದ್ದೇನಪಾ?"

"ಒಬ್ಬನ ಹೋಗಿದ್ದು ನೋಡಿದ್ರಲ್ರಿ..." ಅಂದೆ.

"ಹೋಗಿದ್ದು ಎಲ್ಲಿಗೆ? ನಮ್ಮ ಊರಿನ ತನಕಾನೂ ಹೋಗಲಿಲ್ಲ." ಅವರ ತಮ್ಮಂದಿರು ಗೋಣು ಹಾಕಿದರು. ಲಿಂಗಸುಗೂರಿನ ಆ ಇನ್ನೊಂದು ಮನೆಯವರ ವಾಸನೆ ಗಾಳಿಯಲ್ಲಿ ಬಂದಂತಾಯಿತು. ನನ್ನ ಅವ್ವ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

ಆಗ ಗಿರಿಜಾ ನಮ್ಮೆಲ್ಲರನ್ನೂ ದಾಟಿಕೊಂಡು ಸೀದಾ ಕುಲಕರ್ಣಿ ಸಾಹೇಬರ ಹತ್ತಿರ ಹೋದಳು.

"ಸರ್, ಹಿಂದಿನ ಸೀಟು ಖಾಲಿ ಐತಲ್ರಿ. ನಾ ಕೂಡಬಹುದೇನ್ರಿ?"

"ಇವ ಹಾರಿಸಿದ್ರ ಕೂಡಂಗಿಲ್ಲಮ್ಮಾ. ಇವ ಇನ್ನೂ ಯಾರನ್ನೂ ಕರಕೊಂಡು ಹೋಗಂಗಿಲ್ಲ. ನಾ ಕರಕೊಂಡು ಹೋಗಬಹುದು, ನಿಮ್ಮ ತಂದೆಯವರು ಹೂಂ ಅಂದ್ರ."

ಎಲ್ಲರೂ ಚನ್ನಬಸಪ್ಪನವರ ಕಡೆ ನೋಡಿದರು. ಈಗಷ್ಟೇ ಇದರಲ್ಲಿ ಏನಿದೆ ಎಂದು ಕೇಳಿದವರು ಬೇಡ ಅನ್ನುವುದು ಹೇಗೆ? ಗಂಟಲಲ್ಲೇ ಒಂದು ಸದ್ದು ಮಾಡಿದರು. ಅದನ್ನು ಮಗಳು ಹೂಂ ಎಂದು ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಬಿಗಿದು ಹ್ಯಾಂಗ ಕೂತಳು ಅಂತೀರಿ, ದಿನಾ ಅದೇ ಬಸ್ಸಿಗೆ ಹೋಗುವವಳ ಹಾಗೆ.

ವಿಮಾನ ಏರಿತು, ತಂತಿ ಕಳಚಿತು, ನೇರ ಹದ್ದುಗಳ ಜಾಗಕ್ಕೆ ಹೋಯಿತು. ಅಲ್ಲಿ ಸುತ್ತತೊಡಗಿತು. ಒಂದು ಸುತ್ತಿಗೊಮ್ಮೆ ಸಣ್ಣದಾಗುತ್ತ ಹೋಯಿತು. ಚನ್ನಬಸಪ್ಪನವರು ಮೊದಲು ಹಣೆಗೆ ಕೈ ಅಡ್ಡ ಹಿಡಿದು ನೋಡಿದರು, ಆಮೇಲೆ ನನ್ನ ತೋಳು ಹಿಡಿದರು.

"ಏನಪಾ, ಎಂಜಿನ್ ಇಲ್ಲ ಅಂದ್ರಿ, ಮ್ಯಾಲ ಹೊಂಟೈತಲ್ಲ! ಇಳಸ್ರಿ!"

"ನಾವು ಇಳಸಾಕ ಬರಂಗಿಲ್ರಿ ಮಾವಾರ, ಗಾಳಿ ಎತ್ತಾಕತ್ತೈತಿ." ಮಾವಾರ ಅನ್ನುವ ಮಾತು ಹೇಗೆ ಬಾಯಿಂದ ಬಿತ್ತೋ ನನಗೆ ತಿಳಿಯದು. ಆ ಗಾಬರಿಯಲ್ಲಿ ಅವರೂ ಗಮನಿಸಲಿಲ್ಲ.

"ನಿನಗ ಹಿಂಗ ಎತ್ತಲಿಲ್ಲಲ್ಲ?"

ನಾನು ಹದ್ದುಗಳನ್ನು ಎಣಿಸತೊಡಗಿದೆ. ಅವರು ನನ್ನ ತೋಳು ಬಿಡಲಿಲ್ಲ. ಹಿಂದೆ ನಿಂತಿದ್ದ ಹೆಣ್ಣುಮಕ್ಕಳು ಮಾತ್ರ ಬೆರಳು ತೋರಿಸುತ್ತ ಕೇಕೆ ಹಾಕುತ್ತಿದ್ದರು. ಬಹಳ ಹೊತ್ತಿನ ಮೇಲೆ ವಿಮಾನ ತಿರುಗಿ, ಒಂದು ಸಣ್ಣ ಶಿಳ್ಳೆಯ ಸದ್ದು ಮಾಡುತ್ತ, ನಮ್ಮ ಮುಂದೆ ಬಂದು ನಿಂತಿತು. ಗಿರಿಜಾ ಇಳಿದಳು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು.

"ಜೀವ ಹೋಗಿತ್ತಲ್ಲವಾ ನಂದು" ಅಂದರು ಅಪ್ಪ. "ನಡಿ, ಮನಿಗೆ ಹೋಗೂಣು. ಈ ಹುಡುಗಂದು ನನಗ ಮನಸ್ಸಿಗೆ ಬರಲಿಲ್ಲ. ಹಿಂಗ ಹೋಗಿ ಹಂಗ ಬಂದ."

ಅವಳು ಹೊರಡಲಿಲ್ಲ. "ಅಪ್ಪಾ, ನಾ ಸರ್‌ಗೆ ಮ್ಯಾಲ ಕೇಳಿದೆ. ಈ ಗಾಳಿ ಇವರಿಗೂ ಸಿಕ್ಕಿತ್ತಂತ. ಕೆಳಗಿಂದ ಸರ್ ನೋಡ್ಯಾರ. ಒಂದ ಸುತ್ತು ಅಂತ ಹೇಳಿದ್ದಕ್ಕ ಬಿಟ್ಟು ಇಳದು ಬಂದಾರಂತ."

"ಅದಕ್ಕ?"

"ಅದಕ್ಕೇನು? ಮ್ಯಾಲ ಎಷ್ಟು ಚಂದ ಐತಿ ನಿಮಗೇನು ಗೊತ್ತು. ನನಗ ಇಳಿಯೂದ ಬ್ಯಾಡ ಅನಸಿತ್ತು. ಅಂಥಾದನ್ನ ಬಿಟ್ಟು, ಹೇಳಿದ ಹೊತ್ತಿಗೆ ಮನಿಗೆ ಬರೋ ಗಂಡಸು ನಮ್ಮ ಮಸ್ಕ್ಯಾಗ ಒಬ್ಬರನ್ನ ತೋರಸ್ರಿ. ಅಂವಗ ಇವತ್ತ ಹೂಂ ಅಂತೀನಿ."

ಹೆಣ್ಣುಮಕ್ಕಳ ಗುಂಪಿನಿಂದ ನಗು ಚಟ್ಟನೆ ಸಿಡಿಯಿತು. ಎಲ್ಲಕ್ಕಿಂತ ದೊಡ್ಡ ನಗು ಚನ್ನಬಸಪ್ಪನವರ ಹೆಂಡತಿಯದು. ಅಡತಿ ಅಂಗಡಿಯ ಕಟ್ಟೆಯ ಮೇಲೆ ಇಸ್ಪೀಟು ಮುಗಿಯುವ ತನಕ ಕೂಡುವ ಅಣ್ಣತಮ್ಮಂದಿರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಲಕರ್ಣಿ ಸಾಹೇಬರು ಟೋಪಿ ಸರಿ ಮಾಡಿಕೊಳ್ಳುವ ನೆವದಲ್ಲಿ ಮುಖ ಆ ಕಡೆ ತಿರುಗಿಸಿದರು.

ಚನ್ನಬಸಪ್ಪನವರು ತಮ್ಮನ ಕಡೆ ತಿರುಗಿ ಗದರಿದರು: "ನಿಂತು ಏನು ನೋಡ್ತೀಲೇ? ಎಲ್ಲಾರ ಒಂದಿಷ್ಟು ಸಕ್ರಿ ಹುಡುಕ್ಯಾಡಿ ತಾ. ಬಾಯಿ ಸಿಹಿ ಮಾಡಬೇಕಲ್ಲ."

ಚಹಾದ ಗಾಡಿಯ ಸಕ್ಕರೆ ಡಬ್ಬಿ ಬಂತು. ಅವ್ವನಿಗೆ, ಬೀಗತಿಗೆ, ರಾಟೆಯ ಡ್ರೈವರಿಗೆ, ರೆಕ್ಕೆ ಹಿಡಿದ ವೀರೇಶನಿಗೆ, ಎಲ್ಲರಿಗೂ ಹಿಡಿಹಿಡಿ ಸಕ್ಕರೆ. ಗಿರಿಜಾ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು: "ಖರೇನ, ಮಾತಿಗಾಗಿ ಇಳದ್ರೇನ್ರಿ? ಇಲ್ಲಾ ಅಂಜಿಕಿ ಬಂದಿತ್ತೇನ್ರಿ?"

ನಾನು ಹೇಳಬೇಕೆಂದೇ ಇದ್ದೆ. ನೆನಪಿನ ಎರಡು ಪ್ರತಿಗಳೂ ಆಗಿನ್ನೂ ಬಿಸಿಯಾಗಿದ್ದವು, ಅಸಲು ಯಾವುದೆಂದು ಅವತ್ತು ನನಗೆ ಗೊತ್ತೂ ಇದ್ದಿರಬಹುದು. ಅಷ್ಟರಲ್ಲಿ ಮಾವನವರು ಒಂದು ಮುಷ್ಟಿ ಸಕ್ಕರೆ ತಂದು ನನ್ನ ಬಾಯಿಗೆ ತುರುಕಿಬಿಟ್ಟರು.